‘ಫೆರಸ್’ ಎಂಬ ಕಬ್ಬಿಣದ ಕಡಲೆ

“ಫೆರಸ್ ಲೋಹಗಳೆಂದರೆ ಯಾವುವು?” ಎಂಬ ಪ್ರಶ್ನೆಗೆ “ಫೆರಸ್ ಗುಣವುಳ್ಳ ಲೋಹಗಳು” ಎಂದು ಉತ್ತರ ಬರೆಯುವ ವಿದ್ಯಾರ್ಥಿಯನ್ನು ಜನರು ದಡ್ಡನೆನ್ನುತ್ತಾರೆ. ಆತನು ದಡ್ಡನಲ್ಲ. ಅರ್ಥವಿಲ್ಲದೆ ತನ್ನ ಕೈಗೆ ಬಂದ ಮಾತನ್ನು ಅರ್ಥವಿಲ್ಲದೆಯೇ ಹಿಂದಿರುಗಿಸಿದ್ದಾನೆ, ಅಷ್ಟೆ. ಸಾಲವಾಗಿ ಕೊಟ್ಟ ನಾಣ್ಯವೇ ಸವಕಲಾಗಿದ್ದರೆ, ಮರಳಿ ಬಂದುದು ಸವಕಲೆಂದು ಮುನಿಯುವ ಅಧಿಕಾರ ಕೊಟ್ಟವನಿಗಿಲ್ಲ.

ಈ ಒಂದು ಶಬ್ದವನ್ನು ಹಿಡಿದು ಇಷ್ಟು ದೀರ್ಘವಾಗಿ ಬರೆಯುವುದೇಕೆಂದು ವಾಚಕರು ಕೇಳಬಹುದು. ಕಾರಣವಿದೆ. ಅಧ್ಯಾಪಕರ ಒಂದು ತರಬೇತಿ ಶಿಬಿರದಲ್ಲಿ ಉಪನ್ಯಾಸ ಮಾಡಿದ ಮಹನೀಯರೊಬ್ಬರು, “ಫೆರಸ್ ಎಂಬುದಕ್ಕೆ ಅರ್ಥ ಹುಡುಕಬೇಡಿ, ಅದು ವಿಜ್ಞಾನದ ಶಬ್ದ, ಬಾಯಿಪಾಠ ಮಾಡಿಸಿ, ಸಾಕು” ಎಂದು ಅಪ್ಪಣೆ ಕೊಡಿಸಿದರು. ಈ ಅಭಿಪ್ರಾಯ ಅವರೊಬ್ಬರದೇ ಅಲ್ಲ. ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳ ಜಗಲಿಯಲ್ಲೂ ಅದು ಕೇಳಿಬರುತ್ತದೆ. ಇದೇ ಮಾತು ಹೆತ್ತವರ ಕಿವಿಗೆ ಬೀಳುವಾಗ ಬೇರೊಂದು ರೂಪವನ್ನು ತಾಳುತ್ತದೆ: “ಕನ್ನಡದಲ್ಲಿ ವಿಜ್ಞಾನಕ್ಕೆ ಶಬ್ದವೇ ಇಲ್ಲವಂತೆ, ಹುಡುಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸುವುದೇ ಲೇಸು.” ಹೀಗೆ ಒಂದು ಶಬ್ದದ ಅರ್ಥವನ್ನು ಬಿಡಿಸಿ ಹೇಳದ ಸೋಮಾರಿತನಕ್ಕೆ ಒಂದು ತರಗತಿಯೇ ಬೆಲೆ ತೆರುವಂತಾಗುತ್ತದೆ. ಆದುದರಿಂದ ಆ ಶಬ್ದದಲ್ಲಿ ಏನಿದೆಯೆಂಬುದನ್ನು ಮೊದಲು ನೋಡೋಣ.

ಫೆರಸ್ ಎಂಬುದು ಇಂಗ್ಲಿಷ್ ಮೂಲದ ಶಬ್ದವೂ ಅಲ್ಲ. ಅದರ ಬೇರು ಲ್ಯಾಟಿನ್ ಭಾಷೆಯ ‘ಫೆರ್ರುಮ್’. ಫೆರ್ರುಮ್ ಎಂದರೆ ಕಬ್ಬಿಣ. ರೋಮಿನ ಕಮ್ಮಾರನು ಕುಲುಮೆಯಲ್ಲಿ ಕಾಯಿಸಿ ಬಡಿದುದು ಫೆರ್ರುಮ್. ಸೈನಿಕನ ಕೈಯ ಖಡ್ಗಕ್ಕೂ ಅದೇ ಹೆಸರು. ಆ ನಾಡಿನಲ್ಲಿ ಅದು ಪಂಡಿತರ ಮಾತಾಗಿರಲಿಲ್ಲ, ಸಂತೆಯ ಮಾತಾಗಿತ್ತು. ಅದರ ಕೊನೆಗೆ ಇಂಗ್ಲಿಷಿನ ‘ಅಸ್’ ಪ್ರತ್ಯಯ ಸೇರಿದೆ. ಇದರ ಅರ್ಥ ‘ಉಳ್ಳ’, ‘ಕೂಡಿದ’. ಫೇಮ್ ಉಳ್ಳವನು ಫೇಮಸ್, ಡೇಂಜರ್ ಉಳ್ಳದ್ದು ಡೇಂಜರಸ್. ನಮ್ಮ ಐದನೆಯ ತರಗತಿಯ ಮಕ್ಕಳ ನಾಲಗೆಯ ಮೇಲೆ ಈ ಎರಡು ಮಾತುಗಳೂ ಆಡುತ್ತಿವೆ. ಅವರಿಗೆ “ಫೆರ್ರುಮ್ ಉಳ್ಳದ್ದು ಫೆರಸ್” ಎಂದು ತಿಳಿಸಲು ಅರ್ಧ ನಿಮಿಷ ಸಾಕು. ಸ್ವೀಡನ್ನಿನ ಬರ್ಜೀಲಿಯಸ್ 1813–14ರಲ್ಲಿ ಮೂಲವಸ್ತುಗಳಿಗೆ ಅಕ್ಷರ ಸಂಕೇತಗಳನ್ನು ಗೊತ್ತುಮಾಡಿದಾಗ ಕಬ್ಬಿಣಕ್ಕೆ ಫೆರ್ರುಮ್ ಶಬ್ದದ ಮೊದಲೆರಡು ಅಕ್ಷರಗಳನ್ನಿಟ್ಟನು. ಇಂದಿಗೂ ಕೋಷ್ಟಕದಲ್ಲಿ ನಾವು ಬರೆಯುವ ‘ಎಫ್ ಇ’ ಅದೇ. ಫ್ರೆಂಚರು ಇಂದಿಗೂ ಕಬ್ಬಿಣವನ್ನು ‘ಫೆರ್’ ಎನ್ನುತ್ತಾರೆ, ಇಟಲಿಯವರು ‘ಫೆರ್ರೊ’ ಎನ್ನುತ್ತಾರೆ. ಫ್ರೆಂಚರಿಗೆ ರೈಲುದಾರಿಯೆಂದರೆ ‘ಫೆರ್‌ನ ದಾರಿ’. ಇನ್ನು ಲ್ಯಾಟಿನರಿಗೆ ಈ ಫೆರ್ರುಮ್ ಎಲ್ಲಿಂದ ಬಂತೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕಬ್ಬಿಣವನ್ನು ಹೀಬ್ರೂವಿನಲ್ಲಿ ‘ಬರ್ಜೆಲ್’ ಎನ್ನುವುದನ್ನು ತೋರಿಸಿ, ಪಶ್ಚಿಮ ಏಷ್ಯದಿಂದ ಲೋಹದ ಜತೆಗೇ ಹೆಸರೂ ಹಡಗೇರಿ ಬಂದಿರಬಹುದೆಂದು ಕೆಲವರು ಊಹಿಸುತ್ತಾರೆ.

ಅಂದಮೇಲೆ ‘ಫೆರಸ್’ ಎಂಬ ಮಾತಿನಲ್ಲಿ ಕಬ್ಬಿಣವಿದೆಯೇ ಹೊರತು ಮಂತ್ರಶಕ್ತಿ ಏನೂ ಇಲ್ಲ. ‘ಫೆರಸ್ ಲೋಹಗಳು’ ಎಂದರೆ ಕಬ್ಬಿಣವೇ ಮುಖ್ಯವಾಗಿ ಉಳ್ಳ ಲೋಹಗಳು: ಮೆದು ಕಬ್ಬಿಣ, ಬೀಡು, ಉಕ್ಕು. ‘ನಾನ್ ಫೆರಸ್’ ಎಂದರೆ ಉಳಿದವು: ತಾಮ್ರ, ಹಿತ್ತಾಳೆ, ಕಂಚು, ಸತು, ಸೀಸ, ತವರ, ಅಲ್ಯೂಮಿನಿಯಂ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಚಿಟಿಕೆಯಷ್ಟು ಕಬ್ಬಿಣ ಬೆರೆತಿದ್ದ ಮಾತ್ರಕ್ಕೆ ಅದು ಫೆರಸ್ ಆಗುವುದಿಲ್ಲ. ಕಬ್ಬಿಣವು ಯಜಮಾನನಾಗಿರಬೇಕು, ನೆಂಟನಾಗಿದ್ದರೆ ಸಾಲದು.

ಇನ್ನು ನಮ್ಮ ಶಬ್ದವನ್ನು ನೋಡಿ. ‘ಕಬ್ಬಿಣ’ದ ಹಳಗನ್ನಡ ರೂಪ ‘ಕರ್ಬುನ’. ಕರಿದಾದ ಪೊನ್ನು, ಅಂದರೆ ಕಪ್ಪು ಲೋಹ ಎಂಬುದು ಭಾಷಾಜ್ಞರು ಒಪ್ಪುವ ವಿವರಣೆ. ಹೊನ್ನು ಎಂಬುದಕ್ಕೆ ಚಿನ್ನವೆಂಬ ಅರ್ಥದ ಜತೆಗೆ ಲೋಹವೆಂಬ ಅರ್ಥವೂ ಇತ್ತು. ತಮಿಳಿನಲ್ಲಿ ‘ಕರುಂಪೊನ್’ ಎಂದರೆ ಕಬ್ಬಿಣವೇ. ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಆಡುವ ತುಳುವಿನಲ್ಲಿ ಅದು ‘ಕರ್ಬ’. ತುಳುವ ಹುಡುಗನ ಮುಂದೆ “ಕರ್ಬ, ಕರ್ಬುನ, ಕಬ್ಬುನ, ಕಬ್ಬಿಣ” ಎಂದು ಸಾಲಾಗಿ ಬರೆದು ತೋರಿಸಿದರೆ, ತನ್ನ ಮನೆಯ ಮಾತೇ ಪುಸ್ತಕದ ಮಾತಿಗೆ ಅಕ್ಕನೆಂದು ಆತನಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಲ್ಯಾಟಿನಿನ ಮೂಲ ಮಸುಕಾಗಿದೆ. ನಮ್ಮ ಶಬ್ದದ ಮೂಲ ಕಣ್ಣಿಗೆ ಕಾಣುವಂತಿದೆ. ಹೀಗಿರುವಾಗ ಅದನ್ನು ‘ವಿಜ್ಞಾನಕ್ಕೆ ಆಗದ ಮಾತು’ ಎಂದು ಬದಿಗೆ ತಳ್ಳುವುದು ಯಾವ ನ್ಯಾಯ?

ಪ್ರತಿಪಕ್ಷದ ವಾದಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಒಂದನೆಯ ವಾದ: “ಫೆರಸ್ ಎಂಬುದು ಖಚಿತವಾದ ಶಬ್ದ, ಕಬ್ಬಿಣ ಎಂದರೆ ಆ ಖಚಿತತೆ ಕೆಡುತ್ತದೆ.” ಇದು ತಲೆಕೆಳಗಾದ ಮಾತು. ಅರ್ಥ ತಿಳಿಯದ ಹುಡುಗನು ಆ ಶಬ್ದಕ್ಕೆ ತನಗೆ ತೋಚಿದ ಅರ್ಥವನ್ನು ಹಚ್ಚಿಕೊಳ್ಳುತ್ತಾನೆ. ಸಾಮಾನ್ಯವಾಗಿ ಹಚ್ಚಿಕೊಳ್ಳುವ ಅರ್ಥ ಇದು: “ಅಯಸ್ಕಾಂತಕ್ಕೆ ಅಂಟುವುದು ಫೆರಸ್, ಅಂಟದಿರುವುದು ನಾನ್ ಫೆರಸ್.” ಗುಜರಿ ಅಂಗಡಿಯವನು ಅಯಸ್ಕಾಂತ ಹಿಡಿದು ಕಬ್ಬಿಣವನ್ನು ಬೇರ್ಪಡಿಸುವುದನ್ನು ಆತನು ಕಂಡಿದ್ದಾನೆ, ತಪ್ಪು ಸಹಜವೇ. ಆದರೆ ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕೆಲ್ ಸೇರಿದ ತುಕ್ಕುಹಿಡಿಯದ ಉಕ್ಕಿನ ಬಟ್ಟಲಿಗೆ ಅಯಸ್ಕಾಂತವನ್ನು ಹಿಡಿದು ನೋಡಿ: ಅಂಟುವುದಿಲ್ಲ, ಅಂಟಿದರೂ ತೀರ ದುರ್ಬಲವಾಗಿ. ಅದರಲ್ಲಿ ಸುಮಾರು 70 ಭಾಗ ಇರುವುದು ಕಬ್ಬಿಣವೇ! ಅತ್ತ ನಿಕ್ಕೆಲ್, ಕೋಬಾಲ್ಟ್‌ಗಳನ್ನು ಅಯಸ್ಕಾಂತವು ಬಲವಾಗಿ ಸೆಳೆಯುತ್ತದೆ; ಅವು ಕಬ್ಬಿಣವಲ್ಲ. ‘ಕಬ್ಬಿಣವುಳ್ಳದ್ದು’ ಎಂಬ ಅರ್ಥ ತಿಳಿದ ಹುಡುಗನು ಈ ಎರಡು ಕಡೆಯಲ್ಲೂ ಎಡವುವುದಿಲ್ಲ. ‘ಫೆರಸ್’ ಎಂಬ ಸದ್ದನ್ನು ಮಾತ್ರ ಬಲ್ಲವನು ಎರಡು ಕಡೆಯಲ್ಲೂ ಎಡವುತ್ತಾನೆ. ಖಚಿತತೆ ಯಾರಲ್ಲಿ ಇದೆ? ಶಬ್ದವು ಖಚಿತವಾಗುವುದು ಅರ್ಥದಿಂದಲೇ ಹೊರತು ಅಪರಿಚಿತತೆಯಿಂದಲ್ಲ.

ಎರಡನೆಯ ವಾದ ಸಂಸ್ಕೃತಾಭಿಮಾನಿಗಳದು: “ಇಂಗ್ಲಿಷ್ ಬೇಡ, ಕಬ್ಬಿಣವೆಂಬ ಹಳ್ಳಿಯ ಮಾತೂ ಬೇಡ, ಹಿಂದಿಯವರಂತೆ ‘ಲೌಹ’, ‘ಅಲೌಹ’ ಎನ್ನೋಣ.” ಸಂಸ್ಕೃತದ ಮೇಲೆ ನನಗೆ ದ್ವೇಷವಿಲ್ಲ. ಆದರೆ ಕನ್ನಡದಲ್ಲಿ ‘ಲೋಹ’ ಎಂದರೆ ಎಲ್ಲ ಲೋಹಗಳೂ ಸೇರಿದ ಸಾಮಾನ್ಯ ನಾಮ. ಹಿಂದಿಯಲ್ಲಿ ‘ಲೋಹಾ’ ಎಂದರೆ ಕಬ್ಬಿಣ ಮಾತ್ರ. ಹಿಂದಿಯವರಿಗೆ ಹೊಂದಿದ ಅಂಗಿ ನಮಗೆ ಹೊಂದಬೇಕೆಂಬ ನಿಯಮವಿಲ್ಲ. ಅದಕ್ಕಿಂತಲೂ ಮುಖ್ಯವಾದ ತೊಡಕೊಂದಿದೆ. ಗಂಧಕ, ರಂಜಕ, ಇಂಗಾಲಗಳಂತಹ ಲೋಹವಲ್ಲದ ವಸ್ತುಗಳನ್ನು ನಾವು ‘ಅಲೋಹ’ಗಳೆಂದು ಕಲಿಸುತ್ತೇವೆ. ಇನ್ನು ತಾಮ್ರವನ್ನು ‘ಅಲೌಹ’ವೆಂದೂ ಗಂಧಕವನ್ನು ‘ಅಲೋಹ’ವೆಂದೂ ಒಂದೇ ಪಾಠದಲ್ಲಿ ಕಲಿಸಿದರೆ, ಒಂದು ಸ್ವರಚಿಹ್ನೆಯ ಅಂತರದಲ್ಲಿ ತಾಮ್ರವು ಗಂಧಕವಾಗಿ ಹೋಗುವುದು! ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಆ ಒಂದು ಚಿಹ್ನೆಗಾಗಿ ಭೂತಕನ್ನಡಿ ಹಿಡಿದು ಕುಳಿತುಕೊಳ್ಳಬೇಕಾದೀತು.

ಸಂಸ್ಕೃತದ ಇತಿಹಾಸವೇ ನಮಗೆ ಬೇರೊಂದು ಪಾಠವನ್ನು ಹೇಳುತ್ತದೆ. ‘ಲೋಹ’ ಶಬ್ದದ ಮೂಲಾರ್ಥ ಕೆಂಪಾದುದು. ಮೊದಲು ಅದು ತಾಮ್ರವನ್ನೇ ಸೂಚಿಸುತ್ತಿದ್ದಿತು. ದೇವಾಲಯಗಳಲ್ಲಿ ಪಠಿಸುವ ಚಮಕದಲ್ಲಿ ಹಿರಣ್ಯ, ಅಯಸ್, ಸೀಸ, ತ್ರಪು, ಶ್ಯಾಮ, ಲೋಹ ಎಂಬ ಹೆಸರುಗಳು ಬೇರೆಬೇರೆಯಾಗಿ ಬರುತ್ತವೆ. ಅಲ್ಲಿ ಶ್ಯಾಮವೆಂದರೆ ಕಪ್ಪು ಲೋಹ, ಕಬ್ಬಿಣ. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ, ಒಂದು ಉಗುರುಗತ್ತರಿಯನ್ನು ಅರಿತರೆ ‘ಕಾರ್ಷ್ಣಾಯಸ’ವೆಲ್ಲವನ್ನೂ ಅರಿತಂತೆಂದು ಬೋಧಿಸುತ್ತಾನೆ. ಕಾರ್ಷ್ಣಾಯಸವೆಂದರೆ ಕಪ್ಪು ಅಯಸ್ಸಿನಿಂದಾದುದು. ಫೆರಸ್ ಎಂಬ ಶಬ್ದದ ಅರ್ಥವನ್ನೇ ಅದು ಹೊತ್ತಿದೆ. ‘ಅಯಸ್ಕಾಂತ’ ಎನ್ನುವಾಗ, ಅಯಸ್ಸಿಗೆ ಪ್ರಿಯವಾದ ಕಲ್ಲು ಎನ್ನುವಾಗ, ಅದೇ ಅಯಸ್ಸನ್ನು ನಾವೂ ದಿನವೂ ಉಚ್ಚರಿಸುತ್ತೇವೆ. ಇದರಿಂದ ಕಲಿಯಬೇಕಾದುದೇನು? ಕಾರ್ಷ್ಣಾಯಸವೆಂದು ಇಂದಿನ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕೆಂದಲ್ಲ. ಅಂದಿನ ಗುರು ಶಿಷ್ಯನ ಮುಂದೆ ಅವನ ಭಾಷೆಯ ಮಾತನ್ನೂ ಅವನು ಕಂಡ ವಸ್ತುವನ್ನೂ ಇಟ್ಟನು ಎಂಬುದನ್ನು. ನಾವು ಅನುಸರಿಸಬೇಕಾದುದು ಆ ಶಬ್ದವನ್ನಲ್ಲ, ಆ ಕ್ರಮವನ್ನು.

ಮೂರನೆಯ ವಾದ ನಮ್ಮ ಕಡೆಯವರದೇ. “ಹಾಗಾದರೆ ಫೆರಸ್ ಎಂಬ ಮಾತನ್ನು ಶಾಲೆಯಿಂದಲೇ ಓಡಿಸೋಣ” ಎನ್ನುವ ಉಗ್ರಾಭಿಮಾನಿಗಳಿದ್ದಾರೆ. ಅವರ ಉತ್ಸಾಹಕ್ಕೆ ನಮಸ್ಕಾರ. ಅವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಈ ಒಂದು ಶಬ್ದ ಎರಡು ಕೆಲಸಗಳನ್ನು ಮಾಡುತ್ತದೆ. ಲೋಹಗಳನ್ನು ವಿಂಗಡಿಸುವಾಗ ಅದರ ಅರ್ಥ ‘ಕಬ್ಬಿಣವುಳ್ಳ’ ಎಂದಷ್ಟೆ. ರಸಾಯನಶಾಸ್ತ್ರದಲ್ಲಿ ಮಾತ್ರ ಅದಕ್ಕೆ ಇನ್ನೊಂದು, ಇಕ್ಕಟ್ಟಾದ ಅರ್ಥವಿದೆ. ಅಲ್ಲಿ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ಕಬ್ಬಿಣ ‘ಫೆರಸ್’, ಮೂರನ್ನು ಬಿಟ್ಟುಕೊಟ್ಟದ್ದು ‘ಫೆರಿಕ್’. ಎರಡರಲ್ಲೂ ಕಬ್ಬಿಣವಿರುವುದರಿಂದ ಎರಡನ್ನೂ ‘ಕಬ್ಬಿಣದ’ ಎಂದು ಕರೆದರೆ ಭೇದ ಅಳಿಸಿಹೋಗುತ್ತದೆ. ಈ ಭೇದ ಬರಿಯ ಪುಸ್ತಕದ್ದಲ್ಲ. ಕೊಳವೆಬಾವಿಯಿಂದ ತಿಳಿಯಾಗಿ ಮೇಲೆ ಬಂದ ಕೆಲವು ನೀರು ಕೊಡದಲ್ಲಿ ರಾತ್ರಿ ಕಳೆಯುವುದರೊಳಗೆ ಕೆಂಪು ಗಸಿಯನ್ನು ಇಳಿಸುತ್ತದೆ. ನೀರಿನಲ್ಲಿ ಕರಗಿದ್ದ ಫೆರಸ್ ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಕೂಡಿ, ಕರಗದ ಫೆರಿಕ್ ಆದ ಕಥೆಯಿದು. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುವುದು ಅದರ ಕಬ್ಬಿಣ ಫೆರಸ್ ಸ್ಥಿತಿಯಲ್ಲಿರುವಾಗ. ಫೆರಿಕ್ ಆದರೆ ಹೊರಲಾರದು.

ಇಲ್ಲಿಯೂ ನಮ್ಮ ಭಾಷೆ ಬರಿಗೈಯಲ್ಲಿಲ್ಲ. ಫೆರಸ್ ಸಲ್ಫೇಟಿಗೆ ನಮ್ಮ ಹಳೆಯ ಅಂಗಡಿಗಳಲ್ಲಿದ್ದ ಹೆಸರು ‘ಅನ್ನಭೇದಿ’. ಹಸಿರು ಬಣ್ಣದ ಆ ಹರಳನ್ನು ಅಳಲೆಕಾಯಿಯ ಕಷಾಯಕ್ಕೆ ಹಾಕಿ ಗಾಳಿಗಿಟ್ಟರೆ ಕಷಾಯ ಕಪ್ಪಾಗುತ್ತದೆ, ಬರೆಯುವ ಮಸಿಯಾಗುತ್ತದೆ. ಅಲ್ಲಿಯೂ ಫೆರಸ್ ಫೆರಿಕ್ ಆಗುವುದೇ ಕಪ್ಪಿಗೆ ಕಾರಣ. ರಕ್ತಹೀನತೆ ಬಾರದಂತೆ ಶಾಲೆಗಳಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಕೊಡುವ ಕಬ್ಬಿಣಾಂಶದ ಗುಳಿಗೆಯ ಯೋಜನೆಯನ್ನು ಎಲ್ಲ ಅಧ್ಯಾಪಕರೂ ಬಲ್ಲರು. ಆ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಇದೇ ಫೆರಸ್ ಸಲ್ಫೇಟು, ಔಷಧಕ್ಕೆ ತಕ್ಕಂತೆ ಶುದ್ಧಪಡಿಸಿದುದು. ಅದನ್ನು ಚಹಾದೊಡನೆ ನುಂಗಬಾರದೆನ್ನುವುದಕ್ಕೂ ಅಳಲೆಯ ಮಸಿಗೂ ನೆಂಟಸ್ತಿಕೆಯಿದೆ: ಅಳಲೆಯಲ್ಲಿರುವ ಒಗರಿನಂತಹುದೇ ಚಹಾದಲ್ಲಿಯೂ ಇದ್ದು ಕಬ್ಬಿಣವನ್ನು ಕಟ್ಟಿಹಾಕುತ್ತದೆ, ದೇಹಕ್ಕೆ ದಕ್ಕಗೊಡುವುದಿಲ್ಲ. ಹೀಗೆ ಅನ್ನಭೇದಿ, ಅಳಲೆ, ಗುಳಿಗೆ, ಕೊಡದ ಕೆಂಪು ಗಸಿ ಇವನ್ನೆಲ್ಲ ಜೋಡಿಸಿ ಕಲಿಸಿದ ಮೇಲೆ ‘ಫೆರಸ್’ ಎಂಬ ಮಾತು ಮಗುವಿನ ಬಾಯಿಯಲ್ಲಿ ಪರಕೀಯವಾಗಿ ಉಳಿಯುವುದಿಲ್ಲ. ಆದುದರಿಂದ ರಸಾಯನದಲ್ಲಿ ಅದು ಇರಲಿ. ಅಲ್ಲಿಯೂ ವಿಜ್ಞಾನಿಗಳೇ ಈಗ ‘ಕಬ್ಬಿಣ (2)’, ‘ಕಬ್ಬಿಣ (3)’ ಎಂದು ಅಂಕೆಯಿಂದ ಗುರುತಿಸುವ, 1919ರಲ್ಲಿ ಜರ್ಮನಿಯ ಆಲ್ಫ್ರೆಡ್ ಸ್ಟಾಕ್ ಸೂಚಿಸಿದ ಪದ್ಧತಿಯನ್ನು ಹೆಚ್ಚಾಗಿ ಅನುಸರಿಸುತ್ತಿದ್ದಾರೆ. ಅಂದರೆ ಫೆರಸನ್ನು ಬಿಟ್ಟು ತಮ್ಮ ತಮ್ಮ ಭಾಷೆಯ ಕಬ್ಬಿಣಕ್ಕೆ ಮರಳುವುದನ್ನು ವಿಜ್ಞಾನವೇ ಒಪ್ಪಿಕೊಂಡಿದೆ! ನಮ್ಮ ಶಿಬಿರದ ಉಪನ್ಯಾಸಕರು ಮಾತ್ರ ಒಪ್ಪಿಲ್ಲ.

ನಾಲ್ಕನೆಯ ವಾದ ಎಲ್ಲಕ್ಕಿಂತ ಆಳದಲ್ಲಿರುವುದು: “ವಿಜ್ಞಾನ ಅವರದು, ಆದುದರಿಂದ ಶಬ್ದವೂ ಅವರದೇ ಆಗಿರಬೇಕು.” ಈ ದೈನ್ಯಕ್ಕೆ ಕಬ್ಬಿಣದ ಇತಿಹಾಸವೇ ಉತ್ತರ ಕೊಡುತ್ತದೆ. ದಕ್ಷಿಣ ಭಾರತದ ಕುಲುಮೆಗಳಲ್ಲಿ ಮೆದು ಕಬ್ಬಿಣವನ್ನು ಸೌದೆ, ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸಿ ಉಕ್ಕನ್ನು ತೆಗೆಯುತ್ತಿದ್ದರು. ಅದರ ಗಟ್ಟಿಗಳು 1794ರಲ್ಲಿ ಬೊಂಬಾಯಿಯಿಂದ ಲಂಡನ್ನಿಗೆ ಹೋದುವು. 1795ರಲ್ಲಿ ಜಾರ್ಜ್ ಪಿಯರ್ಸನ್ ಅಲ್ಲಿನ ರಾಯಲ್ ಸೊಸೈಟಿಯ ಮುಂದೆ ಅದನ್ನು ಕುರಿತು ಪ್ರಬಂಧ ಓದಿದಾಗ ಬಳಸಿದ ಹೆಸರು ‘ವೂಟ್ಜ್’. ಕನ್ನಡ ತೆಲುಗುಗಳ ‘ಉಕ್ಕು’ ಎಂಬ ಮಾತೇ ಕಿವಿಯಲ್ಲೋ ಅಚ್ಚಿನಲ್ಲೋ ಕೆಟ್ಟು ಹೀಗಾಯಿತೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಹೇಳುತ್ತಾರೆ. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ ವಿದ್ಯುತ್ತಿನಿಂದ ಕೀರ್ತಿ ಗಳಿಸುವ ಮೊದಲು ಸ್ಟೋಡಾರ್ಟ್ ಎಂಬವನೊಡನೆ ಉಕ್ಕಿನ ಮಿಶ್ರಲೋಹಗಳ ಪ್ರಯೋಗಕ್ಕೆ ಕೈಹಾಕಿದ್ದು ಈ ವೂಟ್ಜಿನ ಗುಟ್ಟನ್ನು ತಿಳಿಯಬೇಕೆಂಬ ಹಂಬಲದಿಂದಲೂ ಹೌದು; ಅವರ ಪ್ರಬಂಧ 1820ರಲ್ಲಿ ಹೊರಬಂತು. ಇಂದಿಗೂ ಇಂಗ್ಲಿಷ್ ನಿಘಂಟಿನಲ್ಲಿ ವೂಟ್ಜ್ ಇದೆ. ನಮ್ಮ ಕಮ್ಮಾರನ ಮಾತು ಅವರ ವಿಜ್ಞಾನಕ್ಕೆ ಸಲ್ಲುತ್ತದೆ, ನಮ್ಮ ತರಗತಿಗೆ ಮಾತ್ರ ಸಲ್ಲುವುದಿಲ್ಲವೆಂದರೆ ನಗಬೇಕೋ ಅಳಬೇಕೋ ತಿಳಿಯದು.

ಇನ್ನೊಂದು ನಿದರ್ಶನ ನಮ್ಮ ಶಾಲೆಗಳ ಗೋಡೆಯಲ್ಲಿಯೇ ಇದೆ. ಕಾಸರಗೋಡಿನ ಮನೆ, ಗುಡಿ, ಶಾಲೆಗಳನ್ನು ಕಟ್ಟಿದ ಮುರಕಲ್ಲು ಕೆಂಪಾಗಿರುವುದು ಫೆರಿಕ್ ಕಬ್ಬಿಣದಿಂದಲೇ. ಭೂಗೋಳದ ಪಾಠದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂಬ ಗಂಭೀರ ನಾಮಧೇಯ. ಆ ಹೆಸರನ್ನಿಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರುಗಳಲ್ಲಿ ತಾನು ಮಾಡಿದ ಪ್ರವಾಸದ ಗ್ರಂಥವನ್ನು 1807ರಲ್ಲಿ ಪ್ರಕಟಿಸಿದವನು. ಮಲಬಾರಿನ ಅಂಗಾಡಿಪುರದ ಬಳಿ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿಯುವುದನ್ನು ಆತನು ಕಂಡನು. ನೆಲದಲ್ಲಿರುವಾಗ ಮೆದುವಾಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ನಾಡಭಾಷೆಗಳಲ್ಲಿ ‘ಇಟ್ಟಿಗೆಕಲ್ಲು’ ಎನ್ನುವರೆಂದೂ ಬರೆದನು. ಲ್ಯಾಟಿನಿನಲ್ಲಿ ಇಟ್ಟಿಗೆಗೆ ‘ಲೇಟರ್’ ಎಂದು ಹೆಸರು, ಅದರಿಂದ ಲ್ಯಾಟರೈಟ್. ಅಂದರೆ ನಾಡಜನರು ತಮ್ಮ ಮಾತಿನಲ್ಲಿ ಹೇಳಿದುದನ್ನು ಆತನು ಲ್ಯಾಟಿನಿಗೆ ತಿರುಗಿಸಿದನು. ನಾವು ಆ ಲ್ಯಾಟಿನನ್ನು ಬಾಯಿಪಾಠ ಮಾಡಿ, ‘ಇಟ್ಟಿಗೆಕಲ್ಲು’ ಎನ್ನಲು ನಾಚುತ್ತೇವೆ. ನಮ್ಮ ಮನೆಯ ಅಕ್ಕಿಯನ್ನೇ ಪರಸ್ಥಳದ ಚೀಲದಲ್ಲಿ ತುಂಬಿ ತಂದರೆ ಅದಕ್ಕೆ ಇಮ್ಮಡಿ ಬೆಲೆ ಕೊಡುವ ಜಾಣತನವಿದು.

ಕನ್ನಡದಲ್ಲಿ ವಿಜ್ಞಾನ ಬರೆಯುವುದು ನಿನ್ನೆ ಮೊನ್ನೆಯ ಸಾಹಸವೂ ಅಲ್ಲ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಅವರ ಜತೆಗಾರರು ಬೆಂಗಳೂರಿನಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನೇ ಹೊರಡಿಸಿದರು. ಇಂಗಾಲ, ಜಲಜನಕ, ಆಮ್ಲಜನಕಗಳು ಇಂದು ನಮ್ಮ ಮಕ್ಕಳಿಗೆ ಅನ್ನ ನೀರುಗಳಷ್ಟು ಪರಿಚಿತವಾಗಿವೆ. ‘ನೀರನ್ನು ಹುಟ್ಟಿಸುವುದು’ ಎಂಬ ಗ್ರೀಕ್ ಅರ್ಥ ಇಂಗ್ಲಿಷಿನ ಹೈಡ್ರೋಜನ್ ಎಂಬ ಶಬ್ದದಲ್ಲಿ ಅಡಗಿದೆ. ನಮ್ಮ ಜಲಜನಕದಲ್ಲಿ ತೆರೆದು ನಿಂತಿದೆ. ಇದರಲ್ಲಿ ಲಾಭ ಹೊಂದಿದವನು ಕನ್ನಡದಲ್ಲಿ ಓದುವ ಹುಡುಗನೇ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು. ಲೋಹಗಳ ಪಾಠದಲ್ಲಿ ‘ಕಬ್ಬಿಣದ ಲೋಹಗಳು’, ‘ಕಬ್ಬಿಣವಲ್ಲದ ಲೋಹಗಳು’ ಎಂದೇ ಮೊದಲು ಹೇಳತಕ್ಕದ್ದು. ‘ಕಬ್ಬಿಣಯುಕ್ತ’, ‘ಕಬ್ಬಿಣೇತರ’ ಎಂದರೆ ಅರಿಸಮಾಸವಾಯಿತೆಂದು ವೈಯಾಕರಣರು ಹುಬ್ಬುಗಂಟಿಕ್ಕಬಹುದು. ಇವಕ್ಕೆ ಆ ಭಯವೂ ಇಲ್ಲ. ಮಕ್ಕಳು ವಸ್ತುಗಳನ್ನು ಮುಟ್ಟಿ, ಕತ್ತಿ, ಬಾವಿಯ ರಾಟೆ, ಹಿತ್ತಾಳೆಯ ಗಿಂಡಿ, ಉಕ್ಕಿನ ಬಟ್ಟಲುಗಳನ್ನು ವಿಂಗಡಿಸಿದ ಮೇಲೆ, “ಇದನ್ನೇ ಲ್ಯಾಟಿನಿನಿಂದ ಬಂದ ಮಾತಿನಲ್ಲಿ ಫೆರಸ್ ಎನ್ನುತ್ತಾರೆ” ಎಂದು ಕರಿಹಲಗೆಯಲ್ಲಿ ಬರೆಯತಕ್ಕದ್ದು. ಮುಂದಿನ ತರಗತಿಯಲ್ಲಿ ಫೆರಿಕ್ ಬರುವಾಗ, ಹಳೆಯ ಮಾತಿಗೆ ಅಲ್ಲಿ ಹೊಸ ಕೆಲಸವಿದೆಯೆಂದು ಎಚ್ಚರಿಸತಕ್ಕದ್ದು. ಪಾಠಪುಸ್ತಕಗಳನ್ನು ಭಾಷಾಂತರಿಸುವ ಮಹನೀಯರೂ ಮಲಯಾಳ ಪುಸ್ತಕದ ಇಂಗ್ಲಿಷ್ ಶಬ್ದವನ್ನು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಅದು ಕನ್ನಡವಾಯಿತೆಂದು ತಿಳಿಯಬಾರದು. ಲಿಪಿ ಬದಲಾಯಿಸುವುದು ಭಾಷಾಂತರವಲ್ಲ, ವೇಷಾಂತರ.

ವಿದ್ಯಾರ್ಥಿಗಳಿಗೂ ಒಂದು ಮಾತು. ಪುಸ್ತಕದಲ್ಲಿ ತಿಳಿಯದ ಶಬ್ದ ಕಂಡರೆ “ಮಾಸ್ತರರೆ, ಈ ಮಾತು ಎಲ್ಲಿಯದು? ಇದರೊಳಗೆ ಏನಿದೆ?” ಎಂದು ನಿರ್ಭಯವಾಗಿ ಕೇಳಿರಿ. ಹಾಗೆ ಕೇಳುವುದು ಉದ್ಧಟತನವಲ್ಲ, ವಿಜ್ಞಾನದ ಮೊದಲನೆಯ ಪಾಠ. ಕನ್ನಡದಲ್ಲಿ ಓದುವವರು ಇತರರಿಗಿಂತ ಒಂದು ಮೆಟ್ಟಲು ಕೆಳಗೆ ನಿಂತವರೆಂದು ನಿಮಗೆ ಯಾರಾದರೂ ಹೇಳಿದರೆ, ಕರ್ಬ, ಕಬ್ಬಿಣ, ಫೆರ್ರುಮ್ ಎಂಬ ಮೂರು ಮಾತುಗಳನ್ನೂ ಅರ್ಥಸಹಿತ ಬಲ್ಲ ನೀವು, ಫೆರಸ್ ಎಂಬ ಒಂದನ್ನು ಅರ್ಥವಿಲ್ಲದೆ ಬಲ್ಲವನಿಗಿಂತ ಎರಡು ಮೆಟ್ಟಲು ಮೇಲಿದ್ದೀರೆಂದು ನೆನಪಿಡಿರಿ.

ಕಠಿಣವಾದುದನ್ನು ನಮ್ಮವರು ಕಬ್ಬಿಣದ ಕಡಲೆಯೆನ್ನುತ್ತಾರೆ. ಫೆರಸ್ ಎಂಬ ಮಾತು ನಿಜವಾಗಿಯೂ ಕಬ್ಬಿಣದ್ದೇ. ಅದು ಹಲ್ಲಿಗೆ ಸಿಗದ ಕಡಲೆಯಾದುದು ಮಾತ್ರ ಹುರಿಯದೆ ಕೊಟ್ಟವರಿಂದ.